ವಾಪಸಾತಿ ರಸೀದಿ

ಹಾರ್ಲಿಂಗನ್ ಪುರಸಭೆಯ ವ್ಯಾನಿನಲ್ಲಿ
ಸತ್ತವರ ಸ್ಕೂಟರು ವಾಪಸು ತರುವವನು ನಾನು.
ನಾಲ್ಕು ಚಕ್ರ, ಮುಂದೊಂದು ಬುಟ್ಟಿ, ಮಳೆಗೊಂದು ಹೊದಿಕೆ,
ಹ್ಯಾಂಡಲಿನ ನಡುವೆ ತಿರುಗಿಸುವ ಗುಂಡಿ:
ಎಡಕ್ಕೆ ಆಮೆಯ ಚಿತ್ರ, ಬಲಕ್ಕೆ ಮೊಲದ್ದು.
ಕಥೆಯಲ್ಲಿ ಗೆದ್ದದ್ದು ಯಾರೆಂದು ಎಲ್ಲರಿಗೂ ಗೊತ್ತು.
ಆದರೂ ಕಾಲು ಸೋತು ಕೂತವರೆಲ್ಲ
ಮೊದಲ ದಿನವೇ ಮೊಲದ ಕಡೆ ತಿರುಗಿಸುತ್ತಾರೆ.

ಸೀಟಿನಡಿ ಏನೇನು ಸಿಗುತ್ತದೆ, ಕೇಳಬೇಡಿ.
ಒಂಟಿ ಕೈಗವಸು. ಲಾಟರಿ ಚೀಟಿ.
ಒಮ್ಮೆ ಹಲ್ಲಿನ ಸೆಟ್ಟು, ಮೇಲಿನದು ಮಾತ್ರ.
ಎಲ್ಲ ಚೀಲಕ್ಕೆ ತುಂಬಿ ಮನೆಯವರಿಗೆ ಕೊಟ್ಟು
ಸಹಿ ಹಾಕಿಸಿಕೊಳ್ಳಬೇಕು.

ಮಂಗಳವಾರ, ದೋಣಿ ರಿಪೇರಿಯ ಡೌವನ ಮನೆ.
ಅವನು ಹೋಗಿ ಆರು ವಾರ.
ಷೆಡ್ಡಿನಲ್ಲಿ ಚಾರ್ಜರಿನ ಹಸಿರು ದೀಪ ಉರಿಯುತ್ತಿತ್ತು.
"ಮಲಗೋ ಮುಂಚೆ ಸಿಕ್ಕಿಸ್ತೀನಿ" ಅಂದಳು ಶೌಕ್ಯೆ,
ಬೆಕ್ಕಿಗೆ ಹಾಲಿಡುವ ಮಾತಾಡುವಂತೆ.

ಫಾರಮಿನ ಏಳನೆಯ ಅಂಕಣ: ಓಡಿದ ದೂರ.
ಕೀಲಿ ತಿರುಗಿಸಿ ಗಟ್ಟಿಯಾಗಿ ಓದಿದೆ.
ಹನ್ನೊಂದು ಸಾವಿರದ ನಾನೂರ ಹನ್ನೆರಡು ಕಿಲೋಮೀಟರು.
ಅವಳು ಕನ್ನಡಕ ತಂದು ತಾನೂ ಓದಿದಳು.

ಬೇಕರಿಗೆ ನಾನೂರು ಮೀಟರು.
ಅಲ್ಲಿಂದ ಕಡಲ ಒಡ್ಡಿಗೆ ಆರುನೂರು.
"ಒಡ್ಡಿನ ತನಕ ಹೋಗಿ ಬರ್ತೀನಿ ಅಂತಿದ್ದ.
ಅಷ್ಟೇ ಅಂತಿದ್ದ."
ರಸೀದಿಯ ಬೆನ್ನಮೇಲೆ ಇಬ್ಬರೂ ಲೆಕ್ಕ ಹಾಕಿದೆವು:
ಐದು ವರ್ಷ; ಭಾನುವಾರ ಕಳೆ, ಹಿಮ ಬಿದ್ದದ್ದು ಕಳೆ,
ಆಸ್ಪತ್ರೆಯ ದಿನ ಕಳೆ. ಸಾವಿರದ ನಾನೂರು ದಿನ.
ಎಷ್ಟು ಹಿಂಡಿದರೂ
ಎಂಟು ಸಾವಿರದ ಆರುನೂರ ಹನ್ನೆರಡು ಕಿಲೋಮೀಟರು
ಲೆಕ್ಕಕ್ಕೆ ಸಿಗಲಿಲ್ಲ.

"ಕಾಲಿಗೆ ಚಕ್ರ ಕಟ್ಕೊಂಡವನು ಅಂತ
ನಮ್ಮಮ್ಮ ಮದುವೆಗೇ ಒಪ್ಪಿರಲಿಲ್ಲ.
ನಿಜವಾಗಿ ಕಟ್ಟಿದ ಮೇಲೆ, ಸದ್ಯ,
ಇನ್ನು ಎಲ್ಲೂ ಹೋಗಲಾರ ಅಂದ್ಕೊಂಡೆ."

ಆಮೇಲೆ ಹತ್ತಿ ಕೂತಳು.
ನಿಯಮದಲ್ಲಿ ಅದಕ್ಕೆ ಅವಕಾಶವಿಲ್ಲ.
ಪಕ್ಕದಲ್ಲಿ ನಡೆದೆ.
ಗುಂಡಿ ಆಮೆಯ ಮೇಲೇ ನಿಂತಿತ್ತು, ಡೌವ ಬಿಟ್ಟಂತೆ;
ಅವಳು ಮುಟ್ಟಲಿಲ್ಲ.
ಬೇಕರಿ ದಾಟಿತು. ಒಡ್ಡು ಬಂತು. ಗಾಳಿ
ಮಾತಾಡಲು ಬಾಯಿ ತೆರೆದರೆ ಮಾತನ್ನೇ ವಾಪಸು ತುರುಕುತ್ತಿತ್ತು.
ಎಡಕ್ಕೆ ಇಳಿತದ ಕೆಸರು, ಬಲಕ್ಕೆ ಹುಲ್ಲಿನ ಇಳಿಜಾರು,
ನಡುವೆ ಒಂದು ಮೋಟಾರಿನ ಗುಂಯ್.

ನಾಲ್ಕನೇ ಕಿಲೋಮೀಟರಿಗೆ ಕಬ್ಬಿಣದ ಗೇಟು.
ಆ ಸದ್ದು ಕೇಳಿದ್ದೇ ತಡ
ಇಳಿಜಾರಿನ ಕುರಿಗಳೆಲ್ಲ ಓಡಿ ಬಂದವು,
ಅವಳನ್ನು ನೋಡಲಿಲ್ಲ, ನನ್ನನ್ನೂ,
ನೇರ ಬುಟ್ಟಿಗೆ ಮೂತಿ ಹಾಕಿದವು.

"ಒಣಗಿದ ಬ್ರೆಡ್ಡು ಬಾತುಕೋಳಿಗೆ ಅಂತಿದ್ದ, ಕಳ್ಳ"
ಅಂದಳು. ಖಾಲಿ ಅಂಗೈ ನೆಕ್ಕಲು ಬಿಟ್ಟಳು.
ನಾನು ಮನಸ್ಸಿನಲ್ಲೇ ಗುಣಿಸಿದೆ, ಕೂಡಿದೆ:
"ಇನ್ನೂ ಇನ್ನೂರ ಹನ್ನೆರಡು ಉಳಿಯುತ್ತೆ."
"ಅದು ಅವನಿಗಿರಲಿ."

ಗಾಡಿ ತಿರುಗಿಸಿದಳು. ಗುಂಡಿಯನ್ನೂ.
ಮೊಲ.
ಬಿಳಿ ಕೂದಲಷ್ಟೇ ಕಂಡಿತು ಸ್ವಲ್ಪ ಹೊತ್ತು,
ಆಮೇಲೆ ಅದೂ ಇಲ್ಲ. ನಾನು, ಮೂವತ್ತು ಕುರಿ,
ಎದೆಗವಚಿದ ಫಾರಮು.

ಬೆವರಿ ಮನೆ ಮುಟ್ಟುವಾಗ ಚಹಾ ಆರಿತ್ತು.
ಫಾರಮು ಕಸಿದು ಸಹಿ ಮಾಡಿದಳು,
ಏಳನೆಯ ಅಂಕಣದ ಹನ್ನೆರಡು ಹೊಡೆದು
ಇಪ್ಪತ್ತು ಬರೆದಳು.

ಚಾರ್ಜರು ಮಾತ್ರ ಕೊಡಲಿಲ್ಲ. ಕಳೆದಿದೆ, ಎಂದು ಗುರುತು ಹಾಕಿಕೊಂಡೆ.
ವ್ಯಾನು ಹಿಂದೆ ತೆಗೆಯುವಾಗ ಕನ್ನಡಿಯಲ್ಲಿ ಕಂಡಿತು:
ತೆರೆದ ಷೆಡ್ಡು, ಒಳಗೆ ಏನೂ ಇಲ್ಲ,
ಹಸಿರು ದೀಪ.