ಹನ್ನೊಂದನೇ ಇಲಿ

ಆ ಸೂಕ್ಷ್ಮಾಣು ಎಂದೋ ಸತ್ತಿತ್ತು.
ಕುದಿಸಿ, ಸೋಸಿ, ಅದರ ಹೊರಸಿಪ್ಪೆಯನ್ನಷ್ಟೇ
ಉಳಿಸಿಕೊಂಡ ಬಿಳಿ ಪುಡಿ
ಹೆಬ್ಬೆರಳಷ್ಟು ಬಾಟಲಿಯೊಳಗೆ,
ಐಸ್‌ಕ್ಯಾಂಡಿ ಕಾರ್ಖಾನೆಯಿಂದ ತಂದ ಗಡ್ಡೆಯ ಮೇಲೆ ಕೂತಿತ್ತು.
ಸತ್ತದ್ದರ ಸಿಪ್ಪೆಗೂ ಇಷ್ಟು ಸಿಟ್ಟಿರುತ್ತದೆಂದು
ನಾನು ಓದಿದ್ದೆ. ನೋಡಿರಲಿಲ್ಲ.

ಧಾರವಾಡದ ಮಾಗಿ ಚಳಿ.
ಗುಡ್ಡದ ಮೇಲಿನ ವಿಭಾಗದ ಹಿಂದೆ ಪ್ರಾಣಿಮನೆ,
ತಗಡಿನ ಕದ, ಕಟ್ಟಿಗೆ ಹೊಟ್ಟಿನ ವಾಸನೆ.
ಗದಿಗೆಪ್ಪ ಕಡ್ಡಿಗೆ ಹತ್ತಿ ಸುತ್ತಿ
ಪಿಕ್ರಿಕ್ ಆಮ್ಲದಲ್ಲಿ ಅದ್ದಿ ಗುರುತು ಹಾಕುತ್ತಿದ್ದ,
ತಲೆಗೊಂದು, ಬೆನ್ನಿಗೊಂದು, ಬಾಲದ ಬುಡಕ್ಕೊಂದು.
"ಅರಿಷಿಣ ಹಚ್ಚಿ ಕಳಸಾಕತ್ತೇವಿ ನೋಡ್ರಿ ಅಕ್ಕಾರ"
ಎಂದು ನಕ್ಕ. ನಾನು ನಗಲಿಲ್ಲ,
ತೂಕ ಬರೆಯುತ್ತಿದ್ದೆ: ನೂರಾ ಎಂಬತ್ತೆರಡು. ನೂರಾ ಎಪ್ಪತ್ತೊಂಬತ್ತು.

ಆರಕ್ಕೆ ವಿಷ. ಉಳಿದಾರಕ್ಕೆ ಬರೀ ಉಪ್ಪುನೀರು.
ಹನ್ನೆರಡಕ್ಕೂ ರಾತ್ರಿ ಉಪವಾಸ.
ಚುಚ್ಚಿ ಎರಡು ತಾಸಾಗುವುದರೊಳಗೆ
ಒಂದರಿಂದ ಆರು ರೋಮ ನಿಮಿರಿಸಿ, ಮೂಲೆಗೆ ಸರಿದು,
ಇಲ್ಲದ ಕಂಬಳಿ ಹೊದ್ದವರ ಹಾಗೆ ಮುದುಡಿದವು.

ಯಕೃತ್ತು ಒಂದು ಹಗೇವು.
ಪ್ರಬಂಧದಲ್ಲಿ ಹೀಗೆ ಬರೆಯುವಂತಿರಲಿಲ್ಲ.
ನಾನು ನವಲಗುಂದದ ಕಡೆಯವಳು,
ಗ್ಲೈಕೊಜೆನ್ ಎಂದರೆ ನನಗೆ
ಹುಲ್ಲು ಹಾಸಿದ ಕುಳಿಯಲ್ಲಿ ಮಲಗಿದ ಬಿಳಿಜೋಳವೇ.
ಹಸಿದ ಹೊತ್ತಿಗೆ ಬಾಯಿ ತೆರೆದು ತೆಗೆಯಬೇಕು.
ತೀರುತ್ತ ಬಂದರೆ ಹೊಸದು ಹುಟ್ಟಿಸುವ ಕಿಣ್ವಗಳಿವೆ,
ಹಾರ್ಮೋನು ಬಂದು ಕದ ಬಡಿದರೆ ಸಾಕು,
ಎದ್ದು ಕೆಲಸಕ್ಕೆ ಹತ್ತುವವು.
ಈ ವಿಷ ಹೊಕ್ಕ ಮೇಲೆ
ಕದ ಬಡಿದದ್ದಷ್ಟೇ ಬಂತು.
ಒಳಗಿರಬೇಕಾದ ಬೇರೆ ಕಿಣ್ವಗಳು
ಗೋಡೆ ಬಿದ್ದ ಮನೆಯ ಪಾತ್ರೆ ಪಡಗದ ಹಾಗೆ
ನೆತ್ತರಿನ ಬೀದಿಗೆ ಬಂದಿದ್ದವು.
ಸೀರಮ್ಮಿಗೆ ಕ್ಷಾರ ಬಿದ್ದೊಡನೆ
ಆರು ನಳಿಗೆ ಕಂದು, ಗಾಢ ಕಂದು;
ಆರು ತಿಳಿ ಚಹಾ.

ಲೆಕ್ಕ ಸರಿಯಿತ್ತು, ಹನ್ನೊಂದನೇ ಇಲಿಯೊಂದನ್ನು ಬಿಟ್ಟು.
ಉಪವಾಸದ ಇಲಿ. ಹಗೇವು ತುಂಬಿದೆ!
ಅಯೋಡಿನ್ ಹನಿಸಿದರೆ ಕೆಂಪು,
ನಾಚಿಕೆಯಿಲ್ಲದ ಕೆಂಪು.
ಮೂರು ಸಲ ಅಳೆದೆ. ನಳಿಗೆ ತೊಳೆದು ಮತ್ತೆ ಅಳೆದೆ.
ಸಂಜೆ ಗದಿಗೆಪ್ಪ ತಾನಾಗಿಯೇ ಬಂದು ನಿಂತ:
"ಒಂದ್ ಹಿಡಿ ಜ್ವಾಳಾ ಹಾಕಿದ್ನ್ರಿ ಅದಕ್ಕ.
ರಾತ್ರಿಪೂರ್ತಿ ಸರಳ ಕಡ್ಯಾಕತ್ತಿತ್ತು."
ಕೂಗಾಡಿದೆ. ಒಂದು ತಿಂಗಳ ಕೆಲಸ, ಎಂದೆ.
ನಿನಗೇನು ತಿಳಿಯುತ್ತದೆ, ಎಂದೆ.
(ವಯಸ್ಸಿನಲ್ಲಿ ಅಪ್ಪನಷ್ಟು ದೊಡ್ಡವನು.)
ಎಲ್ಲ ಕೇಳಿಸಿಕೊಂಡು ಆತ, ನೆಲ ನೋಡುತ್ತ:
"ಸೂಜಿ ಹಾಕಿದ ಆರಕ್ಕೂ ಹಾಕಿದ್ನ್ರಿ.
ಮೂಸಿ ಸುದ್ಧಾ ನೋಡ್ಲಿಲ್ಲ."

ಹೋಗಿ ನೋಡಿದೆ. ಇನ್ನೂ ತೊಳೆಯದ ಆರು ಪಂಜರ.
ಹೊಟ್ಟಿನ ಮೇಲೆ ಜೋಳ,
ಒಂದು ಕಾಳೂ ಒಡೆದಿರಲಿಲ್ಲ.
ಒಳಗೆ ಹಗೇವು ಬರಿದು,
ಬಾಯಿಗೆ ಮಾತ್ರ ಹಸಿವೆಯೇ ನೆನಪಿಲ್ಲ.
ಅದನ್ನು ಅಳೆಯುವ ನಳಿಗೆ ನನ್ನ ಹತ್ತಿರ ಇರಲಿಲ್ಲ.

ಕರೆಂಟು ಹೋಯಿತು. ಆತ ಕಂದೀಲು ಹಚ್ಚಿ ತಂದ.
ಅಣ್ಣಿಗೇರಿಯಲ್ಲಿ ತನ್ನ ಕಾಕಾ ಹಗೇವು ಇಳಿಯುತ್ತಿದ್ದನಂತೆ.
ಮುಚ್ಚಳ ತೆಗೆದೊಡನೆ ಇಳಿಯಬಾರದು,
ಮೊದಲು ದೀಪ ಇಳಿಬಿಡಬೇಕು.
ದೀಪ ಉಳಿದರೆ ಮನುಷ್ಯ.
"ಒಂದ್ ಸರ್ತೆ ಅವಸರ ಮಾಡಿದಾ"
ಎಂದು ಕಸಬರಿಗೆ ಹುಡುಕತೊಡಗಿದ.

ಕೋಷ್ಟಕದಲ್ಲಿ ಹನ್ನೊಂದನೇ ಸಾಲಿಲ್ಲ.
ಆರು ಇದ್ದಲ್ಲಿ ಐದು ಎಂದು ಬರೆದೆ, ಕಾರಣ ಬರೆಯಲಿಲ್ಲ.
ಪದವಿ ಬಂತು.
ಈಗಲೂ ಯಂತ್ರದ ಬೆಳಕಿಗೆ ನಳಿಗೆ ಇಳಿಸುವಾಗ
ಮುಳ್ಳು ನಡುಗಿ ನಿಲ್ಲುವವರೆಗೆ
ಉಸಿರು ಹಿಡಿಯುತ್ತೇನೆ,
ಕುಳಿಯ ಬಾಯಲ್ಲಿ ಬಗ್ಗಿ
ಹಗ್ಗ ಹಿಡಿದು ನಿಂತವರ ಹಾಗೆ.