ಒಂದು ದಿನದ ಟೂರು, ಊಟ ಸೇರಿ

ಭಾನುವಾರ ಬೆಳಿಗ್ಗೆ ಆರೂವರೆಗೆ
ಶಿವಮೊಗ್ಗ ಬಸ್‌ಸ್ಟ್ಯಾಂಡಿನ ಎದುರು ಟೆಂಪೋ ಹತ್ತಿಸುತ್ತೇನೆ.
ತಲೆಗೆ ಸಾವಿರದ ಇನ್ನೂರು. ಚೌಡಿ, ಭೂತ, ಜಟಕ, ಮಾಸ್ತಿ,
ಒಟ್ಟು ಏಳು ಜಾಗ, ನಡುವೆ ಕಡುಬು ಕೋಳಿಸಾರು.
ಸಸ್ಯಾಹಾರಿಗಳು ಮೊದಲೇ ಹೇಳಬೇಕು.

ಆಯನೂರು ದಾಟಿದ ಮೇಲೆ ಮೈಕು ಹಿಡಿದು
"ಯಾರೂ ಹೆದರಬೇಡಿ" ಎಂದು ಶುರುಮಾಡುತ್ತೇನೆ,
ಹೆದರಲೆಂದೇ ದುಡ್ಡು ಕೊಟ್ಟು ಬಂದವರಿಗೆ.
ಡ್ರೈವರ್ ಇನಾಯತ್‌ಗೆ ನನ್ನ ಮಾತೆಲ್ಲ ಬಾಯಿಪಾಠ.
ನಾನು ದನಿ ತಗ್ಗಿಸುವ ಕಡೆ
ಅವನು ಗೇರು ಇಳಿಸುತ್ತಾನೆ.

ಆವತ್ತು ಹಿಂದಿನ ಸೀಟಿನಲ್ಲಿ ಕೊಜೊ.
ಬೆನಿನ್ ದೇಶದವನು, ನವಿಲೆಯ ಕೃಷಿ ಕಾಲೇಜಿನಲ್ಲಿ ಮಣ್ಣು ಓದುತ್ತಾನೆ.
ಸೋಮವಾರ ಹುಟ್ಟಿದ ಗಂಡಿಗೆ ಅವರಲ್ಲಿ ಆ ಹೆಸರಂತೆ.
ನಮ್ಮಜ್ಜನದೂ ವಾರದ ಹೆಸರೇ, ಶುಕ್ರ.
ಹೇಳಲಿಲ್ಲ. ಗೈಡಿಗೆ ಅಜ್ಜ ಇರಬಾರದು,
ಇದ್ದರೆ ಟೂರು ತಡವಾಗುತ್ತದೆ.

ಮುಂದಿನ ಸೀಟಿನ ಮೇಡಂ ಕೇಳಿದರು,
"ಸಿನಿಮಾದಲ್ಲಿ ತೋರಿಸ್ತಾರಲ್ಲ, ಗೊಂಬೆಗೆ ಸೂಜಿ ಚುಚ್ಚೋ ವೂಡೂ,
ಆ ಥರಾನಾ ಇದೂ?"
"ಹೆಚ್ಚೂ ಕಡಿಮೆ" ಎಂದೆ.
ಯಾವಾಗಲೂ ಹಾಗೇ ಅನ್ನುವುದು, ಫೋಟೊ ಜಾಸ್ತಿ ತೆಗೆಯುತ್ತಾರೆ.

ಹಿಂದಿನಿಂದ ಎರಡು ವರ್ಷದ ಹಾಸ್ಟೆಲ್ ಕನ್ನಡ, ಮೆಲ್ಲಗೆ:
"ವೊದುನ್ ಅಂತೀವಿ. ನಮ್ಮನೆ ದೇವ್ರು.
ಸೂಜಿ ನಮ್ಮಮ್ಮ ಗುಂಡಿ ಹಚ್ಚಕ್ಕೆ ಇಟ್ಕೊಂಡಿದಾಳೆ."

ರಿಪ್ಪನ್‌ಪೇಟೆವರೆಗೆ ಎಂಜಿನ್ ಒಂದೇ ಮಾತಾಡಿತು.

ಮೂರನೇ ಜಾಗದಲ್ಲಿ ಎಲ್ಲರೂ ಹರಕೆಯ ಗಂಟೆಗಳ ಕಡೆ ಓಡಿದರು.
ಕೊಜೊ ದಣಪೆಯ ಹೊರಗೇ ನಿಂತ.
ಪಕ್ಕದಲ್ಲೊಂದು ಮೊಣಕಾಲೆತ್ತರದ ಕಲ್ಲು.
"ಇವರು ಯಾರು?"
"ಅದಾ? ಸುಮ್ನೆ ಕಲ್ಲು."
"ನಮ್ಮಲ್ಲೂ ದಾರೀಲಿ ಒಬ್ರು ಕೂತಿರ್ತಾರೆ.
ಮೊದ್ಲು ಅವ್ರಿಗೆ ಕೊಡದಿದ್ರೆ ಒಳಗಿರೋರಿಗೆ ಕೇಳ್ಸಲ್ಲ."
ಬಾಟಲಿ ತೆಗೆದು ಕಲ್ಲಿನ ಬುಡಕ್ಕೆ ಮೂರು ಸಲ ನೀರು ಚೆಲ್ಲಿದ.

ಆರು ವರ್ಷದಿಂದ ನಾನು
ಚಪ್ಪಲಿಯ ಕೆಸರು ಒರೆಸುತ್ತಿದ್ದ ಕಲ್ಲು ಅದು.

ಕೊನೆಯ ಜಾಗ ಹಿನ್ನೀರಿನ ದಂಡೆ.
ಅಲ್ಲಿ ನನ್ನ ಮಾತು: "ಈ ನೀರಿನಡಿ ಒಂದು ಊರಿದೆ.
ಅಮಾವಾಸ್ಯೆ ರಾತ್ರಿ ಚೌಡಿಯ ಗಂಟೆ ಕೇಳಿಸುತ್ತೆ."
ಊರು ನಿಜ. ಗಂಟೆ ನಾನು ಕಟ್ಟಿದ್ದು.
ಮೇಡಂ ಮೈ ಜುಮ್ಮೆಂದಿತು ಎಂದು ತೋಳು ತೋರಿಸಿದರು.
ಕೊಜೊ ಕೇಳಿದ, "ಮುಳುಗೋವಾಗ ದೇವ್ರನ್ನ ಹೆಂಗೆ ತಂದ್ರು?"

ಇದು ಟೂರಿನಲ್ಲಿಲ್ಲದ ಪ್ರಶ್ನೆ.

"ಕಲ್ಲು ಏಳ್ಲಿಲ್ಲ" ಎಂದೆ. "ಹಾರೆ ಮುರೀತು.
ಅಜ್ಜ ಬುಡದ ಮಣ್ಣು ಒಂದು ಬೊಗಸೆ ತೆಗೆದು
ಕಂಬಳಿ ಮೂಲೆಗೆ ಗಂಟು ಹಾಕ್ಕಂಡ್ರು.
ಲಾರಿ ತುಂಬ ಎಮ್ಮೆ. ದಾರಿಯುದ್ದಕ್ಕೂ ಗಂಟು ತೊಡೆ ಮೇಲೆ,
ಕೂಸು ಕೂರಿಸ್ಕಂಡ ಹಂಗೆ."

ಅವನು ನೀರು ನೋಡುತ್ತಲೇ ಹೇಳಿದ,
"ನಮ್ಮೋರು ಹಡಗಲ್ಲಿ ಹೋದ್ರು. ಕೈಗೆ ಸರಪಳಿ.
ಮಣ್ಣು ತಗಳ್ಳಕ್ಕೆ ಬಿಡ್ಲಿಲ್ಲ.
ಹೆಸ್ರು ಇತ್ತಲ್ಲ, ನಾಲಿಗೆ ಕೆಳಗೆ ಇಟ್ಕೊಂಡ್ರು.
ಸಮುದ್ರದಾಚೆ, ಹೈಟಿಲಿ, ಈಗ್ಲೂ ಕರೆದ್ರೆ ಬರ್ತಾರಂತೆ."

ಆಮೇಲೆ ಕೂತು ಒಂದು ಚಿಟಿಕೆ ಮಣ್ಣೆತ್ತಿ
ಬೆರಳಲ್ಲಿ ಉಜ್ಜಿದ, ಪರೀಕ್ಷೆಯಲ್ಲಿ ಉಜ್ಜುವಂತೆ.
"ಕಬ್ಬಿಣ ಜಾಸ್ತಿ" ಎಂದ. "ನಮ್ಮೂರಿಂದೂ ಹಿಂಗೇ ಕೆಂಪು."
ಕೈ ಒರೆಸಿಕೊಳ್ಳಲಿಲ್ಲ.

ವಾಪಸು ಬರುವಾಗ ಎಲ್ಲರೂ ನಿದ್ದೆ.
ದನಿ ತಗ್ಗಿಸುವ ತಿರುವು ಬಂತು, ನಾನು ಮೈಕು ಎತ್ತಲಿಲ್ಲ.
ಇನಾಯತ್ ಒಮ್ಮೆ ಕನ್ನಡಿಯಲ್ಲಿ ನೋಡಿ
ಸುಮ್ಮನೆ ಗೇರು ಇಳಿಸಿದ.

ಮುಂದಿನ ಭಾನುವಾರ ಬೇರೆ ಮೇಡಂ,
ಅದೇ ಗೊಂಬೆ, ಅದೇ ಸೂಜಿ.
"ಹೆಚ್ಚೂ..." ಎಂದು ಬಾಯಿ ತೆರೆದೆ.
ಇನಾಯತ್ ಕೈ ಗೇರಿನ ಮೇಲಿತ್ತು.
ಕಾಯುತ್ತಿದ್ದ.