ಎಡಗಿವಿ

ಎಡಗಿವಿ ಮುಟ್ಟಗೊಡುವುದಿಲ್ಲ ಕಲಾಂದ್ರಿಯ,
ಸಿಪ್ರಿಯಾನೋನ ಬಿಟ್ಟು ಬೇರೆ ಯಾರಿಗೂ.
ನನಗಂತೂ ಇಲ್ಲವೇ ಇಲ್ಲ. ನಾನು ಸೂಜಿಯವಳು.

ಅವನೋ, ಪರಾನಾ ಹೊಳೆಯ ಗಾಳಿ ತಣ್ಣಗಾಗುವ ತನಕ ಕಾದು
ಗ್ವಾರನಿಯಲ್ಲಿ ಏನೋ ಗೊಣಗುತ್ತ, ಬೈಗುಳವೋ ಮುದ್ದೋ,
ಹೆಬ್ಬೆರಳನ್ನು ಆ ಮೃದು ಕತ್ತಲೊಳಗೆ ಇಳಿಸಿ
ಒಂದೊಂದೇ ಉಣ್ಣಿ ಕೀಳುತ್ತಾನೆ.
ಉಣ್ಣುವುದನ್ನೇ ಹೆಸರು ಮಾಡಿಕೊಂಡ ಜೀವ.
ಹರಳುಬೀಜದ ಹಾಗೆ ಊದಿ ನುಣುಪಾಗಿ
ಸೀಮೆಎಣ್ಣೆಯ ಡಬ್ಬಕ್ಕೆ ಬಿದ್ದು
ಇನ್ನೂ ಸ್ವಲ್ಪ ಹೊತ್ತು ಕಾಲಾಡಿಸುತ್ತವೆ.

ಅವಳಿಗೆ ಎರಡು ತುಂಬಿದ ಬೇಸಗೆಯಲ್ಲಿ
ಜ್ವರ ನಲವತ್ತೊಂದು ದಾಟಿತ್ತು.
ಒಸಡು ಅರಿಸಿನ ಹಚ್ಚಿದಂತೆ. ಉಚ್ಚೆಯನ್ನು
ಬಕೆಟ್ಟಿನಲ್ಲಿ ಹಿಡಿದು ತಂದಿದ್ದ:
‘ನೋಡಿ ಡಾಕ್ಟರೇ, ಇದು ಮಾಟೆ ಕಷಾಯ ಅಲ್ಲ.’
ಚುಚ್ಚಿದೆ. ಆ ಮದ್ದೂ ಒಂದು ಬೇನೆಯೇ:
ಬೆವರು, ಜೊಲ್ಲು, ಹೊಟ್ಟೆ ನುಲಿತ.
ಅವಳು ನೆಲಕ್ಕೆ ಬಿದ್ದು ಹೊರಳದಂತೆ
ಹಗ್ಗ ಹಿಡಿದು ಸುತ್ತಿದ, ಸುತ್ತಿದ, ಕೋಳಿ ಕೂಗುವವರೆಗೆ.
ಅಂಗಳದಲ್ಲಿ ಮೂಡಿದ ಆ ದುಂಡು ದಾರಿ
ಮುಂದಿನ ದೊಡ್ಡ ಮಳೆಗೇ ಅಳಿಸಿದ್ದು.

ಬದುಕಿದಳು. ಓಡಿದಳು. ಐದು ವರ್ಷ
ಯಾರ ಬಾಯಲ್ಲೂ ಆ ರಾತ್ರಿ ಬರಲಿಲ್ಲ.

ಈಗ ಕೊಳ್ಳುವವರು, ಕಡಲಾಚೆಯವರು.
ಹಲ್ಲು ನೋಡಿದರು, ಗೊರಸು ತಟ್ಟಿದರು,
ನನ್ನ ಕೈಯಿಂದ ಎರಡು ಟ್ಯೂಬು ರಕ್ತ ತೆಗೆಸಿದರು.
ಹನ್ನೊಂದನೆಯ ದಿನ ಕಾಗದ: ಪಾಸಿಟಿವ್.
ವಿಮಾನ ಹತ್ತಿಸುವ ಹಾಗಿಲ್ಲ.

‘ಕಾಯಿಲೆಯೇ?’
ಇಲ್ಲ.
‘ಮತ್ತೆ?’
ಜ್ವರ ಹೋಯಿತು, ತಂದದ್ದು ಹೋಗಲಿಲ್ಲ ಸಿಪ್ರಿಯಾನೊ.
ಕೆಂಪು ಕಣದೊಳಗೆ ಎಲ್ಲೋ ಒಂದೆರಡು
ಬಾಡಿಗೆ ಕೊಡದೆ, ಸದ್ದೂ ಮಾಡದೆ ಕೂತಿವೆ.
ಇವಳನ್ನು ಉಂಡ ಉಣ್ಣಿ ಅಲ್ಲಿಯ ಕುದುರೆಗೆ ಬಡಿಸೀತೆಂದು
ಅವರ ಭಯ.

ತುಸು ಯೋಚಿಸಿದ.
‘ನನ್ನ ರಕ್ತ ನೋಡಿದರೆ ಏನೇನು ಸಿಕ್ಕೀತೋ.
ಪುಣ್ಯಕ್ಕೆ ನನ್ನನ್ನು ಯಾರೂ ಕೊಳ್ಳುತ್ತಿಲ್ಲ.’

ಯಜಮಾನನ ಮುಂದೆ ಟೋಪಿ ತೆಗೆದು ನಿಂತ,
ಸಾವಿನ ಮನೆಯ ಹೊಸ್ತಿಲಲ್ಲಿ ನಿಲ್ಲುವ ಹಾಗೆ.
ಕೈತಪ್ಪಿದ ಡಾಲರುಗಳ ಲೆಕ್ಕ,
ಆಗಲೇ ನಿನ್ನ ಕಿವಿ ಹಿಂಡಬೇಕಿತ್ತು,
ಅವಳದನ್ನು ನೆಟ್ಟಗೆ ನೋಡಿಕೊಳ್ಳುತ್ತಿದ್ದೆ, ಎಂಬ ಮಾತು.
ಎಲ್ಲಕ್ಕೂ ಹೂಂಗುಟ್ಟಿದ, ನೆಲ ನೋಡುತ್ತ.
ಇಷ್ಟೊಂದು ದುಃಖ ಅವನಲ್ಲಿ ಹಿಂದೆ ಕಂಡಿರಲಿಲ್ಲ ನಾನು.

ಜೀಪು ಹತ್ತಿದ ಮೇಲೆ ನೆನಪಾಯಿತು, ಔಷಧಿ ಪೆಟ್ಟಿಗೆ.
ಲಾಯಕ್ಕೆ ಮರಳಿದೆ.
ಕಿತ್ತಳೆ ಸುಲಿಯುತ್ತ ಕೂತಿದ್ದ.
ಸಿಪ್ಪೆ ಅವಳಿಗೆ, ತೊಳೆ ತನಗೆ, ಹಳೆಯ ಒಪ್ಪಂದ.
ಇವತ್ತು ತೊಳೆಯೂ ಅವಳಿಗೇ.
ನನ್ನ ಕಂಡದ್ದೇ, ತಡೆಯಲಾಗದ ಆ ಮುಖವನ್ನು ಮುಚ್ಚಲು
ತಡಕಾಡಿ ಟೋಪಿ ಹುಡುಕಿದ.

ಟೋಪಿ ಅವಳ ಬಾಯಲ್ಲಿತ್ತು.